ಹಾಪ್ಸಾ ಮುರಿದವನು ಬರೆದ ಸಿನ್ನರ್ ಪರಿಚಯ

ಸಿನ್ನರಿನ ನಮ್ಮ ಮೊದಲ ಬೆಳಿಗ್ಗೆ, ಮನೆಯ ಸಾಮಾನು ಹೊತ್ತ ಟೆಂಪೊ ಓಣಿಯ ಬಾಯಿಗೆ ಬಂದು ನಿಂತುಬಿಟ್ಟಿತು. ಎದುರಿಗೆ ದಾರಿಯುದ್ದಕ್ಕೂ ಕೊಡಗಳು. ಸ್ಟೀಲಿನವು, ಪ್ಲಾಸ್ಟಿಕ್ಕಿನವು, ಬಣ್ಣದ ಖಾಲಿ ಡಬ್ಬಗಳು, ನಡುವೆ ಒಂದು ಇಟ್ಟಿಗೆ. ಒಂದರ ಹಿಂದೊಂದು ಸಾಲಾಗಿ ಕೂತಿದ್ದವು. ಮನುಷ್ಯರು ಮಾತ್ರ ಒಬ್ಬರೂ ಇಲ್ಲ. ನಮ್ಮ ಬಾಗಲಕೋಟೆಯಲ್ಲಿ ನೀರಿಗೆ ಪಾಳಿ ಹಚ್ಚಿದರೆ ಹೆಂಗಸರೇ ನಿಂತಿರುತ್ತಾರೆ, ಜಗಳವೂ ಅಲ್ಲೇ ನಡೆಯುತ್ತದೆ. ಇಲ್ಲಿ ಕೊಡಗಳೇ ಮೌನವಾಗಿ ಯಾರನ್ನೋ ಕಾಯುತ್ತಿದ್ದವು.

ನಾನು ಸಭ್ಯ ಮನುಷ್ಯ. ಇಳಿದು ಎಲ್ಲವನ್ನೂ ಗೋಡೆಯ ಬದಿಗೆ ಸರಿಸಿದೆ, ಟೆಂಪೊ ದಾಟಿದ ಮೇಲೆ ಮತ್ತೆ ಒಪ್ಪವಾಗಿ ಜೋಡಿಸಿದೆ. ಸಣ್ಣವು ಮುಂದೆ, ದೊಡ್ಡವು ಹಿಂದೆ. ಬ್ಯಾಂಕಿನಲ್ಲಿ ಫೈಲು ಜೋಡಿಸಿದ ಕೈ, ನೋಡಲು ಚಂದವೇ ಕಂಡಿತು. ಇಟ್ಟಿಗೆಯನ್ನು ಚರಂಡಿಯ ಕಡೆ ಎಸೆದೆ.

ಹತ್ತು ನಿಮಿಷದಲ್ಲಿ ಓಣಿಯ ಬಾಗಿಲುಗಳೆಲ್ಲ ತೆರೆದವು. ನನಗೆ ಆಗ ಮರಾಠಿ ಬರುತ್ತಿರಲಿಲ್ಲ. ಬರದಿದ್ದುದು ಒಳ್ಳೆಯದೇ ಆಯಿತೆಂದು ಈಗ ಅನ್ನಿಸುತ್ತದೆ. ಆ ಗದ್ದಲದ ನಡುವೆ ಗಟ್ಟಿಮುಟ್ಟಾದ ಹೆಂಗಸೊಬ್ಬರು ಬಂದರು. ಬೀಡಿ ಕಟ್ಟುವ ಬಿದಿರಿನ ಮೊರವನ್ನು ಕಟ್ಟೆಯ ಮೇಲಿಟ್ಟು, ಯಾರನ್ನೂ ಏನೂ ಕೇಳದೆ ಕೊಡಗಳನ್ನು ಒಂದೊಂದಾಗಿ ಎತ್ತಿ ಮೊದಲಿನ ಕ್ರಮಕ್ಕೆ ತಂದರು. ಚರಂಡಿಯಿಂದ ಇಟ್ಟಿಗೆಯನ್ನೂ ತಂದು ಅದರ ಜಾಗದಲ್ಲಿ ಇಟ್ಟರು. ಕೊಡ ಒಡೆದುಹೋದ ಮುದುಕಿಯೊಬ್ಬಳ ಪರವಾಗಿ ಅದು ಕೂತಿತ್ತಂತೆ. ಕೊನೆಗೆ ನಮ್ಮ ಸಾಮಾನಿನಿಂದ ನನ್ನ ಹೆಂಡತಿ ನೀಲವ್ವನ ತಾಮ್ರದ ಕೊಡವನ್ನು ಎತ್ತಿ ಎಲ್ಲಕ್ಕಿಂತ ಹಿಂದೆ ಇಟ್ಟರು. ಅದರ ಕೊರಳಲ್ಲಿ ಅವಳ ಹೆಸರು ಕನ್ನಡದಲ್ಲಿ ಕೊರೆದಿದೆ. ಅಕ್ಷರಗಳ ಮೇಲೆ ಬೆರಳಾಡಿಸಿ ನಕ್ಕರು. "ನಂಬರ್ ಲಾಗಲಾ" ಅಂದರು. ಪಾಳಿ ಹತ್ತಿತು ಎಂದರ್ಥ. ಹೀಗೆ ನಾವು ಸಿನ್ನರಿನವರಾದೆವು. ಅವರ ಹೆಸರು ಯಮುನಾಬಾಯಿ.

ಇದು ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆ. ಎಸ್ಸೆಸ್ಸೆಲ್ಸಿ ಓದಿದ ನಾನು ಬ್ಯಾಂಕಿನಲ್ಲಿ ಅಟೆಂಡರಾಗಿ ಸೇರಿ, ಮುದಿ ವಯಸ್ಸಿಗೆ ಗುಮಾಸ್ತನಾಗಿ, ಬಡ್ತಿಯ ಜೊತೆಗೇ ಬಂದ ವರ್ಗಾವಣೆಯ ಮೇಲೆ ಇಲ್ಲಿಗೆ ಬಂದೆ. ಸಿನ್ನರ್ ನಾಶಿಕಕ್ಕೆ ತಾಗಿಯೂ ತಾಗದ ಊರು. ಬಸ್ಸಿಗೆ ಒಂದು ತಾಸು. ಒಂದು ಕಡೆ ಕಾರ್ಖಾನೆಗಳ ಶೆಡ್ಡುಗಳು, ಇನ್ನೊಂದು ಕಡೆ ಹಳೆಯ ಕಲ್ಲಿನ ಗುಡಿ, ನಡುವೆ ಮನೆಮನೆಯಲ್ಲೂ ಬೀಡಿ ಕಟ್ಟುವ ಹೆಂಗಸರು. ನಾಶಿಕಕ್ಕೆ ನದಿಯಿದೆ, ನಮಗೆ ನಾಶಿಕದ ಬಸ್ಸಿದೆ. ಜೋಳದ ರೊಟ್ಟಿಯ ಬದಲು ಸಜ್ಜೆಯ ಭಾಕರಿ. ಅದನ್ನು ನೀಲವ್ವ ಮೊದಲ ವರ್ಷ ಔಷಧಿಯಂತೆ ನುಂಗಿದಳು, ಈಗ ಬಾಗಲಕೋಟೆಗೆ ಹೋದರೆ ಹಿಟ್ಟು ಕಟ್ಟಿಕೊಂಡು ಹೋಗುತ್ತಾಳೆ. ಬಾಡಿಗೆ ಮನೆಗೆ ಎರಡು ಕೋಣೆ, ಮೂರು ನಲ್ಲಿ. ಮೂರರಲ್ಲೂ ಗಾಳಿ ಬರುತ್ತಿತ್ತು. ನೀರೆಂದರೆ ಓಣಿಯ ಹಾಪ್ಸಾ. ಕೈಪಂಪಿಗೆ ಇಲ್ಲಿಯ ಹೆಸರು ಅದು. ನಾವು ಬೋರಿಂಗ್ ಎನ್ನುತ್ತೇವೆ.

ಇಷ್ಟೆಲ್ಲ ನಾನು ಹಿಂದೆಯೇ ಬರೆದಿದ್ದೇನೆ. ನಾಶಿಕದ ಕನ್ನಡಿಗರು ರಾಜ್ಯೋತ್ಸವಕ್ಕೆ ತಂದ ಸ್ಮರಣ ಸಂಚಿಕೆಗೆ ನಮ್ಮೂರಿನ ಪರಿಚಯ ಬೇಕೆಂದಾಗ ಎರಡು ಪುಟ ಕೊಟ್ಟೆ. ಅದರಲ್ಲಿ ಹೀಗೊಂದು ವಾಕ್ಯವಿದೆ: ಇಲ್ಲಿಯ ಹೆಂಗಸರ ತೋಳಬಲ ಎಂಥದೆಂದರೆ, ನಮ್ಮ ಓಣಿಯ ಯಮುನಾಬಾಯಿ ಎಂಬವರು ಎರಡೇ ಸಲ ಒತ್ತಿ ಹಾಪ್ಸಾದ ಕಬ್ಬಿಣದ ಕೀಲು ಮುರಿದಿದ್ದಾರೆ. ಆ ವಾಕ್ಯ ಸುಳ್ಳು. ಕೀಲು ಮುರಿದವನು ನಾನು. ಅದನ್ನು ಹೇಳಲೆಂದೇ ಈಗ ಮತ್ತೆ ಪೆನ್ನು ಹಿಡಿದಿದ್ದೇನೆ.

ತಪ್ಪಿನ ಬೇರು ನನ್ನ ಹೈಸ್ಕೂಲಿನಲ್ಲಿದೆ. ಒಂದು ದಿನ ವಿಜ್ಞಾನದ ಮಾಸ್ತರರು ತರಗತಿಯ ಬಾಗಿಲ ಮುಂದೆ ಇಬ್ಬರನ್ನು ನಿಲ್ಲಿಸಿದರು. ಗರಡಿಮನೆಗೆ ಹೋಗುವ ಹುಡುಗ ಒಳಗಿನಿಂದ ಕೀಲಿನ ಹತ್ತಿರ ಒತ್ತಬೇಕು, ಕಡ್ಡಿಯಂತಿದ್ದ ನಾನು ಹೊರಗಿನಿಂದ ಅಂಚಿನಲ್ಲಿ ಒತ್ತಬೇಕು. ಬಾಗಿಲು ನನ್ನ ಮಾತು ಕೇಳಿತು. ಬಲವನ್ನು ಕೀಲಿನಿಂದ ಇರುವ ದೂರದಿಂದ ಗುಣಿಸಿದರೆ ತಿರುಗಿಸುವ ಶಕ್ತಿ ಸಿಗುತ್ತದೆ ಎಂದು ಮಾಸ್ತರರು ಬೋರ್ಡಿನ ಮೇಲೆ ಬರೆದರು. ಪೈಲ್ವಾನನನ್ನು ಸೋಲಿಸಿದ ಸಂಭ್ರಮಕ್ಕೆ ನನಗೆ ಬಾಯಾರಿತು. ನೀರು ಕುಡಿಯಲು ಹೊರಗೆ ಹೋದೆ. ಉಳಿದರ್ಧ ಪಾಠ ನಾನಿಲ್ಲದೆ ನಡೆಯಿತು.

ಆ ಅರ್ಧ ಪಾಠವನ್ನು ಸಿನ್ನರಿಗೆ ತಂದೆ. ಬಂದ ಮರುವರ್ಷ ನೀಲವ್ವನ ಭುಜ ನೋಯತೊಡಗಿತು. ಹಾಪ್ಸಾದ ಹಿಡಿಕೆಯನ್ನು ಉದ್ದ ಮಾಡಿದರೆ ಕಡಿಮೆ ಬಲ ಸಾಕು ಎಂದು ನನಗೆ ಹೊಳೆಯಿತು. ಬಟ್ಟೆ ಒಣಗಿಸಲು ಕಂಬ ಬೇಕಿತ್ತೆಂದು ಹೇಳಿ ಯಮುನಾಬಾಯಿಯ ಹಿತ್ತಲಿನಿಂದ ಕಬ್ಬಿಣದ ಪೈಪೊಂದನ್ನು ಕೇಳಿ ತಂದೆ. ನಮ್ಮ ಪಾಳಿ ಬಂದಾಗ, ಎಲ್ಲರೂ ಬೀಡಿಗೋ ಭಾಕರಿಗೋ ಒಳಗೆ ಹೋಗಿರುವಾಗ, ಅದನ್ನು ಹಿಡಿಕೆಗೆ ತೊಡಿಸುವುದು, ನೀರು ತುಂಬಿದ ಕೂಡಲೇ ತೆಗೆದು ಗೋಡೆಯ ಹಿಂದೆ ಅಡಗಿಸುವುದು. ನೀಲವ್ವ ಎರಡು ಬೆರಳಲ್ಲಿ ನೀರೆತ್ತುತ್ತಿದ್ದಳು. ಹಿಡಿಕೆ ಕೆಳಗೆ ಬಂದು ತಡೆಗೆ ಬಡಿದಾಗ ಕೀಲು ಕಟಕಟ ಎನ್ನುತ್ತಿತ್ತು. ಅವಳು ಕೇಳಿಸಿಕೊಂಡು ಹೇಳಿದಳು: "ಅದು ಅಳಾಕತ್ತೈತ್ರಿ. ನಿಮ್ಮ ಸಾಲಿ ವಿಜ್ಞಾನ ಸಾಕು ಮಾಡ್ರಿ." ಎಣ್ಣೆ ಕಡಿಮೆಯಾಗಿದೆ ಎಂದೆ.

ಎಂಟನೆಯ ದಿನ ನಮ್ಮ ಕೊಡ ತುಂಬಿತು. ಹಿಡಿಕೆಯಿಂದ ತೆಗೆದ ಪೈಪು ಇನ್ನೂ ನನ್ನ ಬೆನ್ನ ಹಿಂದೆ ಇತ್ತು. ಇಟ್ಟಿಗೆಯ ಮುದುಕಿಗೆ ಕಾಯಿಲೆ ಎಂದು ಯಮುನಾಬಾಯಿ ಅವಳ ಪಾಳಿಯ ನೀರು ತುಂಬಲು ಬಂದರು. ಎರಡು ಸಲ ಒತ್ತಿದರು. ಕೀಲು ಟಣ್ ಎಂದಿತು, ಹಿಡಿಕೆ ಅವರ ಕೈಯಲ್ಲೇ ಉಳಿಯಿತು.

ಆ ಹಾಪ್ಸಾ ಬಂದದ್ದೇ ನಗರಪಾಲಿಕೆಯ ಕಟ್ಟೆಯ ಮೇಲೆ ಅವರು ಧರಣಿ ಕೂತ ದೆಸೆಯಿಂದ. ಸಾಲಿನ ಮೊದಲ ಜಾಗ ಅವರದ್ದೇ, ಅದಕ್ಕೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಹಾಪ್ಸಾ ಕೆಡಿಸಿದವರ ಕೊಡ ಕಾಯಂ ಕೊನೆಗೆ ಎಂಬ ಕಟ್ಟಳೆಯನ್ನು ಮಾಡಿದವರೂ ಅವರೇ. ಹಾಗಾಗಿ ಯಾರೂ ಬಾಯಿ ತೆರೆಯುವ ಮೊದಲೇ ತಮ್ಮ ಸ್ಟೀಲಿನ ಕೊಡವನ್ನು ಎತ್ತಿಕೊಂಡು, ಇಡೀ ಸಾಲಿನ ಪಕ್ಕದಲ್ಲಿ ನಡೆದು, ಕೊನೆಯಲ್ಲಿ ಇಟ್ಟರು. ನಾನು ಪೈಪನ್ನು ಇನ್ನಷ್ಟು ಹಿಂದೆ ಸರಿಸಿದೆ.

ಹೊಸ ಕೀಲು ಬರುವವರೆಗೆ ಹೆಂಗಸರು ಯಮುನಾಬಾಯಿಯನ್ನು ಬೈಯುತ್ತ ನೀರಿಗೆ ಪಕ್ಕದ ಓಣಿಗೆ ನಡೆದರು. ಹೇಳುತ್ತೇನೆ, ಹೇಳುತ್ತೇನೆ ಎನ್ನುತ್ತ ಮಳೆಗಾಲ ಬಂತು. ಮನೆಯಲ್ಲಿ ನೀಲವ್ವ ನನ್ನ ಮುಂದೆ ಲೋಟ ಇಡುವಾಗಲೆಲ್ಲ, "ಯಮುನಾಬಾಯಾರ ಕೊಡ ಎಲ್ಲಿ ಹೋಗಿ ಕುಂತೈತಿ ನೋಡ್ರಿ. ನಿಮಗ ಈ ನೀರು ಗಂಟಲದಾಗ ಹೆಂಗ ಇಳಿತೈತಿ?" ಎನ್ನುತ್ತಿದ್ದಳು. ಇಳಿಯುತ್ತಿತ್ತು, ಅದೇ ನಾಚಿಕೆ. ಪರಿಹಾರವೆಂದು ನಾನು ಮಾಡಿದ್ದು ಆ ಲೇಖನ. ಬೈಗುಳವನ್ನು ಹೊಗಳಿಕೆ ಮಾಡಿದರೆ ಪಾಪ ತೀರುತ್ತದೆ ಎಂದುಕೊಂಡೆ. ಅಚ್ಚಾದ ಪುಟವನ್ನು ಒಯ್ದು ಮರಾಠಿಯಲ್ಲಿ ಅರ್ಥ ಹೇಳಿದಾಗ ಯಮುನಾಬಾಯಿ ಪುಟವನ್ನು ಇಸಿದುಕೊಂಡು, ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದರು. ಓಣಿಯಲ್ಲಿ ಅವರ ತೋಳಿಗೆ ಹೆಸರಾಯಿತು. ನನ್ನ ಸುಳ್ಳಿಗೆ ಗಾಜು ಬಂತು.

ನಿವೃತ್ತಿಯಾದ ಮೇಲೂ ನಾವು ಇಲ್ಲೇ ಉಳಿದೆವು, ಮಗಳು ಹತ್ತಿರವಿದ್ದಾಳೆಂದು. ಅವಳಿರುವುದು ಚಿಕಲಠಾಣಾದಲ್ಲಿ. ಅದು ಸೇರಿರುವ ಊರನ್ನು ಬಸ್ಸಿನ ಬೋರ್ಡು ಔರಂಗಾಬಾದ್ ಎನ್ನುತ್ತದೆ, ಬಸ್ಸಿನೊಳಗಿನ ಅರ್ಧ ಜನ ಸಂಭಾಜಿನಗರ ಎನ್ನುತ್ತಾರೆ. ಹೋದ ಬೇಸಿಗೆಯಲ್ಲಿ ಮೊಮ್ಮಗಳು ವಿಜ್ಞಾನ ಓದುತ್ತಿದ್ದಳು. ಪುಸ್ತಕದಲ್ಲಿ ಅದೇ ಬಾಗಿಲಿನ ಚಿತ್ರ. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ. ಇದು ನನಗೆ ಗೊತ್ತು ಎಂದು ಪೈಲ್ವಾನನ ಕಥೆ ಹೇಳಿದೆ. ಅವಳು ಪೆನ್ಸಿಲನ್ನು ಮೇಜಿನ ಸಂದಿಗೆ ಸಿಕ್ಕಿಸಿ, ಬುಡದಲ್ಲಿ ಒತ್ತಿದಳು. ಏನೂ ಆಗಲಿಲ್ಲ. ತುದಿಯಲ್ಲಿ ಒತ್ತಿದಳು. ಬುಡದಲ್ಲೇ ಮುರಿಯಿತು.

"ಅಜ್ಜಾ, ಹಾತ್ ಇಥೇ, ತುಟತಂ ತಿಥೇ," ಎಂದಳು. ಕೈ ಇಲ್ಲಿ, ಮುರಿಯುವುದು ಅಲ್ಲಿ. ನೀರು ಕುಡಿಯಲು ಹೋಗಿ ತಪ್ಪಿಸಿಕೊಂಡ ಅರ್ಧ ಪಾಠ ಅದೇ. ಅಲ್ಲಿಯವರೆಗೆ, ಪೈಪಿನಿಂದಲೇ ಮುರಿದದ್ದೋ ಅಲ್ಲವೋ ಎಂಬ ಅನುಮಾನದ ಲಾಭ ನನಗೇ ಇರಲಿ ಎಂದುಕೊಂಡಿದ್ದೆ. ಅದೂ ಹೋಯಿತು.

ಸಿನ್ನರಿಗೆ ಮರಳಿದ ದಿನವೇ ಅವರ ಪಡಸಾಲೆಗೆ ಹೋದೆ. ಯಮುನಾಬಾಯಿ ಕತ್ತರಿಯಿಂದ ಬೀಡಿ ಎಲೆ ಕತ್ತರಿಸುತ್ತಿದ್ದರು. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಮರಾಠಿಯಲ್ಲಿ ಒಂದೇ ಉಸಿರಿಗೆ ಎಲ್ಲ ಒಪ್ಪಿಕೊಂಡೆ. ಕತ್ತರಿ ನಿಲ್ಲಲಿಲ್ಲ.

"ಠಾವೂಕ್ ಆಹೇ, ಸಾಹೇಬ," ಎಂದರು. ಗೊತ್ತು. "ಪೈಪ್ ಮಾಝಾಚ್ ಹೋತಾ." ಪೈಪು ನನ್ನದೇ ಅಲ್ಲವೇ.

ಬಟ್ಟೆಗೆ ಕಂಬವೆಂದು ಒಯ್ದಿರಿ, ನಿಮ್ಮ ಬಟ್ಟೆ ಇವತ್ತಿಗೂ ಗೋಡೆಯ ಮೇಲೆ ಒಣಗುತ್ತದೆ ಎಂದು ನೆನಪಿಸಿದರು. ನೀವಾಗಿಯೇ ಬರುತ್ತೀರೆಂದು ಕಾದೆ, ನೀವು ನಿಧಾನದ ಮನುಷ್ಯ ಎಂದರು. ಓಣಿಯವರನ್ನೆಲ್ಲ ಈಗಲೇ ಕರೆದು ಹೇಳುತ್ತೇನೆ, ನಿಮ್ಮ ಕೊಡ ಮತ್ತೆ ಮೊದಲ ಜಾಗಕ್ಕೆ ಹೋಗಲಿ ಎಂದು ಎದ್ದೆ. ಆಗ ಕತ್ತರಿ ನಿಂತಿತು. ಗಾಜಿನ ಹಿಂದಿನ ಪುಟವನ್ನು ತೋರಿಸಿ, ಜಾಗ ಹೋದದ್ದು ಹೋಯಿತು, ಈಗ ಇದನ್ನೂ ಕಿತ್ತುಕೊಳ್ಳುತ್ತೀರಾ ಎಂದು ಕೇಳಿದರು. ಈ ತೋಳಿಗೆ ಹೆದರಿ ಸೊಸೆಯ ತವರಿನವರೂ ಮೆಲ್ಲಗೆ ಮಾತಾಡುತ್ತಾರಂತೆ.

ನನ್ನ ಮನಸ್ಸು ಹಗುರಾಗಬೇಕಲ್ಲ, ಬರೆಯಲಾದರೂ ಬಿಡಿ ಎಂದು ಬೇಡಿಕೊಂಡೆ. ಅವರು ಕತ್ತರಿಸಿದ ಎಲೆಗಳನ್ನು ಮೊರದಲ್ಲಿ ಜೋಡಿಸಿದರು.

"ಲಿಹಾ," ಎಂದರು. ಬರೆಯಿರಿ. "ಪಣ ಕಾನಡೀತಚ." ಆದರೆ ಕನ್ನಡದಲ್ಲಿ ಮಾತ್ರ.

ಅದಕ್ಕೇ ಇದು ಕನ್ನಡದಲ್ಲಿದೆ. ಓದಿದವರು ಸಿನ್ನರಿಗೆ ಬಂದರೆ ದಯವಿಟ್ಟು ಬಾಯಿ ಬಿಡಬೇಡಿ.

ಕಟ್ಟಳೆ ಮಾತ್ರ ಕಟ್ಟಳೆಯೇ. ಮರುದಿನ ಬೆಳಿಗ್ಗೆ ನೋಡಿದರೆ ನಮ್ಮ ತಾಮ್ರದ ಕೊಡ ಸಾಲಿನ ಕಟ್ಟಕಡೆಗೆ ಹೋಗಿತ್ತು, ಅದರ ಮುಂದೆ ಯಮುನಾಬಾಯಿಯ ಸ್ಟೀಲಿನ ಕೊಡ. ಹತ್ತು ವರ್ಷದ ಮೇಲೆ ಅವರಿಗೆ ಒಂದು ಸ್ಥಾನ ಬಡ್ತಿ. ಬ್ಯಾಂಕಿನವರು ಯಾಕೆ ಹಿಂದೆ ಹೋದರೆಂದು ಓಣಿಗೆ ತಿಳಿಯದು. ಸಾಹೇಬರಿಗೆ ವಯಸ್ಸಾಯಿತು, ಅವಸರವಿಲ್ಲ ಎಂದು ಯಮುನಾಬಾಯಿಯೇ ಹೇಳಿದ್ದಾರೆ.

ಬಾಗಲಕೋಟೆಗೆ ಹೋದರೆ ತಮ್ಮನ ಮನೆಯಲ್ಲಿ ಹಗಲಿಡೀ ನಲ್ಲಿ ಬರುತ್ತದೆ. ಕೊಡ ಹಿಡಿಯಲು ಹೋದರೆ, "ನೀವು ಪರಊರಿನವರು, ಕುಂದರ್ರಿ" ಎಂದು ನಾದಿನಿ ಲೋಟದಲ್ಲಿ ತಂದು ಕೊಡುತ್ತಾಳೆ. ಅಲ್ಲಿ ನನಗೆ ನೀರುಂಟು, ಪಾಳಿಯಿಲ್ಲ. ಇಲ್ಲಿ ಯಾರೂ ಓದಲಾರದ ಹೆಸರಿನ ಕೊಡ ಕೊನೆಯಲ್ಲಿ ಕೂತಿರುತ್ತದೆ. ಅದು ಯಾರದೆಂದು ಯಾರೂ ಕೇಳುವುದಿಲ್ಲ. ಅದನ್ನು ದಾಟಿ ಯಾರೂ ಮುಂದೆ ಹೋಗುವುದೂ ಇಲ್ಲ, ಹಿಂದೆ ಯಾರೂ ಇಲ್ಲದ್ದರಿಂದ.