ಬೀಸುಕಲ್ಲು ಹಿಡಿದ ವಕೀಲರು

ಸಿನಿಮಾ ಖಟ್ಲೆಗಳಿಗೆ ಹೆಸರಾಗಿದ್ದ ನಮ್ಮ ಹಿರಿಯ ವಕೀಲರು, ಹಾಡು ಕದ್ದರೆಂದು ಯಾರೇ ಬಂದರೂ ಹೊರಗಿನ ರವಿವಾರ ಪೇಟೆಯ ಗದ್ದಲ ಕೇಳದಂತೆ ಕಚೇರಿಯ ಕಿಟಕಿ ಮುಚ್ಚಿ, “ಮೊದಲ ಹಾಡ್ರಿ, ಕಾಗದ ಆಮ್ಯಾಲ ನೋಡೂಣು” ಅನ್ನುತ್ತಿದ್ದರು.

ಖಾನಾಪುರದ ಅಜ್ಜಿಯೊಬ್ಬರ ಬೀಸುವ ಹಾಡನ್ನು ಸಿನಿಮಾದವರು ತಮ್ಮದೆಂದಿದ್ದರು. ಕಟಕಟೆಯಲ್ಲಿ ಹಾಡಲು ಹೇಳಿದಾಗ ಅಜ್ಜಿ ನ್ಯಾಯಾಧೀಶರನ್ನೇ ಕೇಳಿದರು:

“ಬೀಸಲಾರ್ದ ಹಾಡ ಹೆಂಗ ನೆನಪಾಗಬೇಕ್ರಿ?”

ಎದುರು ಪಕ್ಷದವರು ನಕ್ಕರು. ಮುಂದಿನ ತಾರೀಖಿಗೆ ನಮ್ಮವರು ಅನುಮತಿ ಪಡೆದು ಬೀಸುಕಲ್ಲನ್ನೇ ತರಿಸಿದರು. ಕರಿಕೋಟಿನಲ್ಲೇ ನೆಲಕ್ಕೆ ಕೂತು, ಅಜ್ಜಿಯ ಕೈಜೊತೆ ಗೂಟ ಹಿಡಿದು ತಿರುಗಿಸಿದರು. ರಾಗಿ ನುರಿದಂತೆ ಹಾಡು ಬಂತು. ಸಿನಿಮಾದವರಿಗೆ ಗೊತ್ತೇ ಇಲ್ಲದ ನುಡಿಗಳೂ ಬಂದವು.

ನ್ಯಾಯಾಧೀಶರು ಸಾಕೆಂದರು. ವಕೀಲರು ಗೂಟ ಬಿಡಲಿಲ್ಲ.

“ಇನ್ನೊಂದ ನುಡಿ ಐತ್ರಿ ಸಾಹೇಬ್ರ.”

ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಬಂದವರು ಹಾಡು ಕೇಳಿಸಲು ಮೊಬೈಲ್ ಚಾಚುತ್ತಾರೆ. ನಾನೆದ್ದು ಕಿಟಕಿ ಮುಚ್ಚುತ್ತೇನೆ.