ಅರೆಹೊಟ್ಟೆಯ ಬೀಗ

ಬಾಯಿ ಬಿಟ್ಟು ಒಂದು ಮಾತು ಹೇಳಬೇಕಾಗಿದ್ದ ಹೊತ್ತಿನಲ್ಲಿ ನಾನು ಹೇಳಲಿಲ್ಲ. ಅದಕ್ಕೇ ನಮ್ಮಕ್ಕ ಮಂಜುಳ ಇವತ್ತು ಹುಲ್ಲಹಳ್ಳಿಯಲ್ಲಿ ರವಿಕೆ ಹೊಲಿಯುತ್ತಾಳೆ.

ಅವಳು ನಂಜನಗೂಡಿನಲ್ಲಿ ಐಟಿಐ ಮಾಡಿದವಳು. ಕಾರ್ಡ್ ತೋರಿಸಿದರೆ ತೆರೆಯುವ ಬಾಗಿಲುಗಳನ್ನು ಕೂರಿಸುವುದು ಅವಳ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅವಳಿಗೆ ವೈರ್ ಎಳೆಯುತ್ತಿದ್ದೆ. ಎಲ್ಲಿ ಹೋದರೂ ಜನ ನನ್ನನ್ನೇ ನೋಡಿ, "ಏನ್ ಮೇಸ್ತ್ರಿ, ಎಷ್ಟೊತ್ತಾದದು?" ಎನ್ನುತ್ತಿದ್ದರು. ಅಕ್ಕ ಏಣಿಯ ಮೇಲಿಂದಲೇ, "ಅವನ್ಗೇನ್ ಗೊತ್ತು ಕಣ್ರೀ, ಮೇಸ್ತ್ರಿ ಮ್ಯಾಲವ್ಳೆ" ಎನ್ನುತ್ತಿದ್ದಳು.

ಬಾಗಿಲಿಗೆ ಕರೆಂಟು ಕೊಡುವ ಪವರ್ ಸಪ್ಲೈ ಡಬ್ಬಿಯ ವಿಷಯದಲ್ಲಿ ಅವಳು ಯಾರ ಮಾತೂ ಕೇಳುತ್ತಿರಲಿಲ್ಲ. ಬೀಗ ಎಷ್ಟು ಕರೆಂಟು ತಿನ್ನುತ್ತದೆ, ಕಾರ್ಡ್ ಓದುವ ಯಂತ್ರ ಎಷ್ಟು ತಿನ್ನುತ್ತದೆ ಎಂದು ಕೂಡಿ, ಅದಕ್ಕಿಂತ ಅರ್ಧದಷ್ಟು ಹೆಚ್ಚೇ ಕೊಡುವ ಡಬ್ಬಿ ತರುತ್ತಿದ್ದಳು. "ನೆಂಟ್ರನ್ನ ಎಣ್ಸಿ ಅನ್ನಕ್ಕಿಡೋದಾ? ಅರೆವೊಟ್ಟೆ ಬೀಗ ಯಾವತ್ತಿದ್ರೂ ಕೈ ಕೊಡ್ತದೆ ಕಣ್ಲಾ." ಕೆಲಸ ಮುಗಿದ ಮೇಲೆ, ಮಕ್ಕಳ ಜ್ವರ ನೋಡುವಂತೆ, ಡಬ್ಬಿಗೆ ಕೈಯ ಹಿಂಬದಿ ಒತ್ತಿ ನೋಡುತ್ತಿದ್ದಳು.

ತಿ. ನರಸೀಪುರದ ಒಂದು ಖಾಸಗಿ ಆಸ್ಪತ್ರೆಯ ಔಷಧಿ ಕೋಣೆಗೆ ಬಾಗಿಲು ಕೂರಿಸುವಾಗ ಕೊನೇ ದಿನ ಅಕ್ಕ ಬರಲಿಲ್ಲ. ಅವಳು ತಂದಿಟ್ಟಿದ್ದ ಡಬ್ಬಿ ನೋಡಿ ಮಾಲೀಕ ಮೂಗು ಮುರಿದ. "ಗೋಡೆ ಮೇಲೆ ಇದೊಂದ್ ಪೆಟ್ಗೆ ಯಾಕಯ್ಯ? ಕ್ಯಾಮೆರಾದ ಹಳೇ ಅಡಾಪ್ಟರ್ ಐತೆ, ಅದ್ನೇ ಹಾಕು. ಗಂಡ್ಸಲ್ವಾ ನೀನು, ಅದಕ್ಕೂ ಅಕ್ಕನ್ನ ಕೇಳ್ಬೇಕಾ?"

ಆ ಮಾತಿಗೆ ಉಬ್ಬಿ ಹಾಕಿಬಿಟ್ಟೆ. ಅಕ್ಕನಿಗೆ ಹೇಳಲೂ ಇಲ್ಲ.

ವಾರದೊಳಗೆ ಅಡಾಪ್ಟರ್ ಸಾಲದೆ ಕಾರ್ಡ್ ಓದುವ ಯಂತ್ರ ಮಂಕಾಯಿತು. ಹೊರಗೆ ಬರಲು ಒಳಗಿನ ಗುಂಡಿ ಒತ್ತಿದರೂ ಅದಕ್ಕೆ ತಿಳಿಯಲಿಲ್ಲ. ಅದು ಅಯಸ್ಕಾಂತದ ಬೀಗ, ಚೂರು ಕರೆಂಟು ಇರುವವರೆಗೂ ಬಿಡುವುದಿಲ್ಲ; ಅದು ಮಾತ್ರ ಬಿಗಿಯಾಗಿ ಹಿಡಿದೇ ಇತ್ತು. ಒಳಗಿದ್ದದ್ದು ತುಂಬು ಬಸುರಿ ನರ್ಸ್ ರೂಪ. ಆಸ್ಪತ್ರೆಯ ಕರೆಂಟು ಆರಿಸುವ ಹಾಗಿರಲಿಲ್ಲ, ಯಾವ ವೈರ್ ಕೀಳಬೇಕೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಂಜನಗೂಡಿನಿಂದ ನಾವು ಬೈಕಿನಲ್ಲಿ ಹೋಗಿ ಅಕ್ಕ ವೈರ್ ಕೀಳುವವರೆಗೂ ಆಕೆ ಬಾಗಿಲು ಬಡಿಯುತ್ತಲೇ ಇದ್ದಳು.

"ಹೆಂಗಸ್ರ ಕೈಗೆ ಕೆಲ್ಸ ಕೊಟ್ಟಿದ್ದೇ ತಪ್ಪು" ಎಂದು ಮಾಲೀಕ ಎಲ್ಲರೆದುರು ಕೂಗಿದ. ಅಡಾಪ್ಟರ್ ಕೊಟ್ಟ ಕೈ ಅವನದೇ! ಅಕ್ಕ ಆ ಅಡಾಪ್ಟರಿಗೆ ಕೈಯ ಹಿಂಬದಿ ಒತ್ತಿ, ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಆಮೇಲೆ ಎರಡು ತಾಲ್ಲೂಕಿನಲ್ಲಿ ಯಾರೂ ಅವಳನ್ನು ಕರೆಯಲಿಲ್ಲ. ನನ್ನನ್ನು ಕರೆಯುತ್ತಾರೆ. ತಪ್ಪು ಮಾಡಿದವನು ಮೇಸ್ತ್ರಿ, ಕೆಲಸ ಬಲ್ಲವಳು ಹೆಂಗಸು. ಇದೆಂಥ ನ್ಯಾಯ? ಆ ನ್ಯಾಯದ ಅನ್ನವನ್ನೇ ನಾನು ಎರಡು ವರ್ಷ ಉಂಡೆ.

ಹೋದ ತಿಂಗಳು ಅವಳ ಹೊಲಿಗೆ ಯಂತ್ರದ ಮುಂದೆ ಕೂತು ಎಲ್ಲ ಹೇಳಿದೆ. ಅವಳು ದಾರ ಕಚ್ಚಿ ತುಂಡರಿಸಿದಳು. "ನಂಗ್ಯಾಕ್ಲಾ ಯೋಳ್ತೀಯ? ನಂಗವತ್ತೇ ಗೊತ್ತು. ಅಲ್ಲೋಗಿ ಯೋಳು."

ಒಬ್ಬನೇ ಹೋದೆ. ಮಾಲೀಕನಿದ್ದ, ರೂಪ ಇದ್ದಳು, ಚೀಟಿ ಹಿಡಿದ ರೋಗಿಗಳಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ:

"ಆ ಅಡಾಪ್ಟರ್ ಕೊಟ್ಟೋರು ಇವ್ರು, ಹಾಕ್ದೋನು ನಾನು. ನಮ್ಮಕ್ಕಂದೇನೂ ತಪ್ಪಿಲ್ಲ. ಮೇಸ್ತ್ರಿ ಅವ್ಳು, ನಾನಲ್ಲ. ರೂಪಕ್ಕ, ತಪ್ಪಾಯ್ತು."