ಕ್ರ್ಯಾಂಕಿನ ಮೇಲೆ ಮೂರು ಗೀರು

ನನ್ನ ಹಳೆಯ ಟೂ ಸ್ಟ್ರೋಕ್ ಬೈಕಿನ ಇಂಜಿನ್ನಿನೊಳಗೆ ಕಟಕಟ ಸದ್ದು ಶುರುವಾದದ್ದು ಕಾನಹೊಸಹಳ್ಳಿ ದಾಟುವಾಗ. ಕೊಟ್ಟೂರಿನ ನಮ್ಮ ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, "ರಾಡ್ ಹೋಗೈತ್ರಿ, ಕ್ರ್ಯಾಂಕ್ ಬಿಚ್ಚಬೇಕು" ಅಂದ. ಅದು ಅವನೊಬ್ಬನಿಂದ ಆಗುವ ಕೆಲಸವಲ್ಲ. ಕ್ರ್ಯಾಂಕ್ ಅಂದರೆ ಎರಡು ಭಾರದ ಉಕ್ಕಿನ ಗಾಲಿ, ನಡುವೆ ಪಿನ್ನು, ಪಿನ್ನಿಗೊಂದು ರಾಡು. ಇವನ್ನು ಒತ್ತಿ ಬಿಡಿಸಿ, ಹೊಸ ರಾಡು ಕೂಡಿಸಿ, ಕೂದಲೆಳೆಯಷ್ಟೂ ಓಲಾಡದಂತೆ ತಟ್ಟಿ ಸರಿಮಾಡಲು ಹಗರಿಬೊಮ್ಮನಹಳ್ಳಿಯ ಲೇತ್ ಅಂಗಡಿಗೇ ಕಳಿಸಬೇಕು. ಆ ಲೇತಿನವನ ಮುಖವನ್ನು ನಾನು ನೋಡಿರಲಿಲ್ಲ. ಅನುಮಾನಕ್ಕೆ ಅಷ್ಟು ಸಾಕಾಯಿತು.

ಚಹದಂಗಡಿಯಲ್ಲೂ ಆಗ ಇದೇ ಮಾತು: "ಕಂಪನಿ ಕ್ರ್ಯಾಂಕ್ ಇಟ್ಕಂಡು ಸವದದ್ದು ಕಳಸ್ತಾರ. ಒಳಗಿಂದು ಯಾರಿಗೆ ಕಾಣತೈತಿ?" ನಮ್ಮ ಸೋದರಮಾವ ತನ್ನ ಇಂಜಿನ್ ಬಿಚ್ಚಿಸಿದ ದಿನ ಊಟಕ್ಕೂ ಏಳದೆ ಅದರ ಪಕ್ಕದಲ್ಲೇ ಡಬ್ಬದ ಮೇಲೆ ಕೂತಿದ್ದ.

ಅಜ್ಜಿಯದು ಬೇರೆ ಪದ್ಧತಿ. ಕಲಾಯಿಗೆ ಕೊಡುವ ಪ್ರತಿ ಪಾತ್ರೆಗೂ ಮೊಳೆಯಿಂದ ಮೂರು ಗೀರು ಎಳೆಯುತ್ತಿದ್ದಳು. "ಕೊಟ್ಟದ್ದು ನಮ್ದು, ಬಂದದ್ದು ಯಾರ್ದು ಅಂತ ಹೆಂಗ ಹೇಳ್ತಿಲೇ?" ಅನ್ನುವಳು.

ಕ್ರ್ಯಾಂಕ್ ಬಿಚ್ಚಿಟ್ಟು ಮೆಕ್ಯಾನಿಕ್ ಊಟಕ್ಕೆ ಹೋದಾಗ ನಾನು ಅವನ ಪೆಟ್ಟಿಗೆಯಿಂದ ಕಬ್ಬಿಣ ಉಜ್ಜುವ ಅರ ತೆಗೆದೆ. ಕ್ರ್ಯಾಂಕಿಗೆಲ್ಲ ಎಣ್ಣೆಯ ಕಪ್ಪು. ಒಂದು ತುದಿ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಗುರುತು ಚೆನ್ನಾಗಿ ಕಾಣಲೆಂದು ಅಲ್ಲೇ ಒತ್ತಿ ಒತ್ತಿ ಮೂರು ಗೀರು ಎಳೆದು, ಮೇಲೆ ಎಣ್ಣೆ ಸವರಿದೆ.

ನಾಲ್ಕು ದಿನಕ್ಕೆ ಕ್ರ್ಯಾಂಕ್ ಮರಳಿ ಬಂತು. ಬೆರಳಾಡಿಸಿ ನೋಡಿದೆ, ಗೀರುಗಳಿದ್ದವು. ಇಂಜಿನ್ ಕೂಡಿತು. ಆದರೆ ಕೂಡ್ಲಿಗಿ ಮುಟ್ಟುವಷ್ಟರಲ್ಲಿ ಹಿಂದೆಲ್ಲ ಬಿಳಿ ಹೊಗೆ. ಮೆಕ್ಯಾನಿಕ್ ಮತ್ತೆ ಬಿಚ್ಚಿದ. ಆ ಹೊಳೆಯುವ ತುದಿಯ ಮೇಲೆಯೇ ಎಣ್ಣೆ ಒಳನುಗ್ಗದಂತೆ ತಡೆಯುವ ಆಯಿಲ್ ಸೀಲು ಕೂರುತ್ತದಂತೆ. ಗೀರಿನ ಅಂಚು ಸೀಲಿನ ರಬ್ಬರು ಕೊಯ್ದು, ಗೇರ್ ಬಾಕ್ಸಿನ ಎಣ್ಣೆ ಇಂಜಿನ್ನಿಗೆ ಇಳಿದು ಹೊಗೆಯಾಗಿತ್ತು.

"ನೋಡ್ರಿ, ಲೇತಿಗೆ ಕಚ್ಚಿಸಿ ಕೆಡಿಸ್ಯಾನ ಆ ಬೊಮ್ಮನಹಳ್ಳಿ ಮುದುಕ! ಇನ್ನ ಮ್ಯಾಲೆ ಅವನಂಗಡಿ ಬಾಗ್ಲ ತುಳಿಯಂಗಿಲ್ಲ. ಹಡಗಲಿ, ಹರಪನಹಳ್ಳಿ ಮೆಕ್ಯಾನಿಕ್‌ರಿಗೂ ಹೇಳ್ತೀನಿ, ಅವನ ಕಡೆ ಒಂದು ಕ್ರ್ಯಾಂಕೂ ಹೋಗಬಾರ್ದು!" ಅಂತ ಮೆಕ್ಯಾನಿಕ್ ಕೂಗಾಡಿದ.

"ನಾನಾ ಒಯ್ದು ಕೇಳಿ ಬರ್ತೀನಿ ತಡಿ, ನಾಳಿತನ ಯಾರಿಗೂ ಹೇಳಬ್ಯಾಡ" ಅಂದೆನಷ್ಟೆ. ಮಾರನೆಯ ದಿನ ಬಸ್ಸಿನಲ್ಲಿ ಕ್ರ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೆ. ಲೇತಿನ ಮುದುಕ ಅದನ್ನು ಬೆಳಕಿಗೆ ಹಿಡಿದ.

"ಈ ಗೀರು ಬರುವಾಗ್ಲೇ ಇದ್ವು. ನಿಮ್ಮ ಮೆಕ್ಯಾನಿಕ್ ಕೈತಪ್ಪಿ ಎಳದಾನ ಅಂದ್ಕಂಡೆ. ಪಾಪ, ಈಗ ಅಂಗಡಿ ಹಾಕ್ಯಾನ, ನಾಕು ಮಂದಿಗೆ ತಿಳಿದ್ರ ಗಿರಾಕಿ ಹೋದಾವು ಅಂತ ಬಾಯಿ ಬಿಡ್ಲಿಲ್ರಿ. ಅಂಚು ತಿಕ್ಕಿದ್ದೆ. ಸಾಲಲಿಲ್ಲೇನ?"

ಮೆಕ್ಯಾನಿಕ್ ಇವನ ಬಾಗಿಲು ಮುಚ್ಚಿಸಲು ನಿಂತಿದ್ದ; ಇವನು ನೋಡಿದರೆ ಅವನ ಮಾನ ಕಾಯುತ್ತಿದ್ದ.

"ಎಳೆದಂವ ನಾನ್ರಿ ಯಜಮಾನ್ರ" ಅಂದೆ. "ನೀವು ಬದ್ಲಿ ಮಾಡ್ತೀರಂತ..."

ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ನಲವತ್ತು ವರ್ಷ ಆತು ಈ ಕೆಲಸಕ್ಕ. ನನಗ ನಿನ್ನ ಸವದ ಕ್ರ್ಯಾಂಕ್ ಬೇಕಾಗಿತ್ತೇನಪಾ?"

ಅವನು ರಸ್ತೆಯ ಕಡೆ ಬೆರಳು ತೋರಿಸಿದ.

"ಆ ಎದುರಿನ ಬೂತಿಗೆ ಹೋಗು. ಮೊದ್ಲ ಆ ಮೆಕ್ಯಾನಿಕ್ ಹುಡುಗಗ ಫೋನ್ ಹಚ್ಚಿ ಖರೇ ಹೇಳು. ಆಮ್ಯಾಲೆ ಇದಕ್ಕ ಕೈ ಹಚ್ತೀನಿ."

ಕ್ರ್ಯಾಂಕನ್ನು ಅವನ ಮೇಜಿನ ಮೇಲೆ ಬಿಟ್ಟು ಎದ್ದೆ. ಬಾಗಿಲು ದಾಟುವಾಗ ಒಮ್ಮೆ ಅದರ ಕಡೆ ತಿರುಗಿ ನೋಡಿದ್ದೂ ನಿಜ.

"ಹೋಗಪಾ," ಅಂದ ಮುದುಕ, ತಲೆ ಎತ್ತದೆ. "ಅದರ ಕಾಲಿಲೆ ಅದು ಎಲ್ಲಿಗೂ ಹೋಗಂಗಿಲ್ಲ."